ಹೆಚ್ಚಾದದ್ದು ದೊಡ್ಡಾಸ್ಪತ್ರೆಗೆ

ಕಂಪ್ಯೂಟರಿನ ಖಾಲಿ ಪರದೆ ಕಂಡರೆ ಅವಳ ಕೈಯೇ ಓಡುತ್ತಿರಲಿಲ್ಲ. ಇದು ಯಾರಿಗೂ ಗೊತ್ತಿರಲಿಲ್ಲ. ತಪ್ಪದೆ ಡೈರಿ ಬರೆಯುವ ಹುಡುಗಿ ಅವಳು. ಬಸ್ಸಿನಲ್ಲಿ ಯಾರೋ ಕಾಲು ತುಳಿದದ್ದನ್ನೂ, ಅಕ್ಕ ಮುನಿಸಿಕೊಂಡದ್ದನ್ನೂ, ಬಾಚಣಿಗೆಯಲ್ಲಿ ಕೂದಲು ಬಂದದ್ದನ್ನೂ ಬಿಡದೆ ಬರೆಯುವವಳು. ಆದರೆ ಈ ಒಂದು ಸಂಗತಿಯನ್ನು ಡೈರಿಗೂ ಹೇಳಿರಲಿಲ್ಲ. ಬರೆದರೆ ಎಲ್ಲಿ ನಿಜವಾಗಿಬಿಡುತ್ತದೋ ಎಂಬ ಅಂಜಿಕೆ. ಆ ಶನಿವಾರ ಬೆಳಿಗ್ಗೆ ಹಲ್ಲುಜ್ಜುತ್ತ, ಬಾಯಿತುಂಬ ನೊರೆ ಇಟ್ಟುಕೊಂಡು, ಕನ್ನಡಿಯ ಮುಂದೆ ತನಗೆ ತಾನೇ ಮೊದಲ ಸಲ ಒಪ್ಪಿಕೊಂಡಳು: ‘ಕಂಪ್ಯೂಟರ್ ಓದಿ ಪದವಿ ತಗೊಂಡಿದ್ದೀನಿ. ನನ್ನ ಕೈಯಾರೆ ಒಂದೇ ಒಂದು ಪ್ರೋಗ್ರಾಂ ಬರೆದು ಓಡಿಸಿಲ್ಲ.’

ಒಪ್ಪಿಕೊಂಡರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ಏನೂ ಹಗುರಾಗಲಿಲ್ಲ. ಬಾಯಿ ಮುಕ್ಕಳಿಸಿ, ತಲೆ ಬಾಚಿ, ಬಸ್ಸು ಹಿಡಿದು ಕೆಲಸಕ್ಕೆ ಹೊರಟಳು.

ಹೀಗಾದದ್ದು ಹೇಗೆ ಎಂದು ಕೇಳಿದರೆ ಯಾರ ಕಡೆಗೂ ಬೆರಳು ತೋರಿಸುವಂತಿರಲಿಲ್ಲ. ಕಾಲೇಜಿನಲ್ಲಿ ಪರೀಕ್ಷೆಗೆ ಪ್ರೋಗ್ರಾಂ ಬರೆಯಬೇಕಾದದ್ದು ಕಾಗದದ ಮೇಲೆ. ಗೆರೆ ಎಳೆದ ಹಾಳೆ, ನೀಲಿ ಶಾಯಿ, ಅವಳ ದುಂಡಗಿನ ಅಕ್ಷರ. ಕಾಗದದ ಮೇಲೆ ಬರೆದ ಪ್ರೋಗ್ರಾಂ ಯಾವತ್ತೂ ಕೆಡುವುದಿಲ್ಲ, ಯಾಕೆಂದರೆ ಅದನ್ನು ಯಾರೂ ಓಡಿಸಿ ನೋಡುವುದಿಲ್ಲ. ಪ್ರಯೋಗಾಲಯದಲ್ಲಿ ಇಬ್ಬರು ಹುಡುಗಿಯರಿಗೆ ಒಂದು ಯಂತ್ರ. ಜೊತೆಗಾತಿ ಮಾತಿನಮಲ್ಲಿ, ಬೆರಳೂ ನಾಲಿಗೆಯಷ್ಟೇ ಚುರುಕು. “ನೀನು ಹೇಳೇ, ನಾನು ಕುಟ್ತೀನಿ” ಎನ್ನುತ್ತಿದ್ದಳು. ಇವಳು ಹೇಳಿದಳು, ಅವಳು ಕುಟ್ಟಿದಳು. ತಪ್ಪಾಗಿ ಪರದೆಯ ಮೇಲೆ ಕೆಂಪು ಅಕ್ಷರ ಮೂಡಿದರೆ ಜೊತೆಗಾತಿಯೇ ಅದನ್ನು ಇದನ್ನು ಮುಟ್ಟಿ ಹೇಗೋ ಸರಿ ಮಾಡಿಬಿಡುತ್ತಿದ್ದಳು. ಹೇಗೆ ಸರಿಯಾಯಿತು ಎಂದು ಇವಳು ಬಾಯಿ ತೆರೆಯುವಷ್ಟರಲ್ಲಿ ಗಂಟೆ ಹೊಡೆದಿರುತ್ತಿತ್ತು. ಹಾಗೆಯೇ ಓದು ಮುಗಿಯಿತು. ಒಳ್ಳೆಯ ಅಂಕವೂ ಬಂತು. ಅಂಕಪಟ್ಟಿಯಲ್ಲಿ ಯಾರ ಬೆರಳು ಯಾವುದನ್ನು ಮುಟ್ಟಿತು ಎಂದು ಬರೆಯುವುದಿಲ್ಲವಲ್ಲ.

ಅವಳ ಅಪ್ಪ ಮನೆಗಳ ನಕ್ಷೆ ಬರೆಯುವವರು. ಇಡೀ ಬದುಕನ್ನು ಅಳತೆಪಟ್ಟಿಯ ಪಕ್ಕದಲ್ಲೇ ಕಳೆದ ಮನುಷ್ಯ. ನಕ್ಷೆ ಮುಗಿಯದೆ ಯಾರಾದರೂ ಒಂದು ಇಟ್ಟಿಗೆ ಇಟ್ಟರೆ ಅದು ತಮ್ಮ ಎದೆಯ ಮೇಲೇ ಇಟ್ಟ ಹಾಗೆ ಸಂಕಟಪಡುತ್ತಿದ್ದರು. ಅವಳು ಚಿಕ್ಕವಳಿದ್ದಾಗ, ನನಗೂ ಮನೆ ಬರೆಯುವುದನ್ನು ಕಲಿಸು ಎಂದು ಹಟ ಹಿಡಿದಳು. “ಗೆರೆ ಎಳೆಯೋದು ಆಮೇಲೆ. ಮೊದಲು ಪೆನ್ಸಿಲ್ ಚೂಪು ಮಾಡೋದನ್ನ ಕಲಿ” ಎಂದರು. ಆ ರಜೆಯುದ್ದಕ್ಕೂ ಅವಳು ಪೆನ್ಸಿಲ್ ಹೆರೆದಳು. ಸೂಜಿಯ ಮೊನೆಯಂಥ ಪೆನ್ಸಿಲ್‌ಗಳು ಡಬ್ಬಿಯ ತುಂಬ ನಿಂತವು. ರಜೆ ಮುಗಿಯಿತು. ಮನೆ ಮಾತ್ರ ಅವಳು ಇವತ್ತಿನವರೆಗೂ ಬರೆದಿಲ್ಲ.

ಭಾವ, ಅಂದರೆ ಅಕ್ಕನ ಗಂಡ, ಇದಕ್ಕೆ ಪೂರಾ ತಿರುವುಮುರುವು. ಮೊದಲು ಬಟ್ಟೆ ಒಗೆಯುವ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದವರು. ಯಂತ್ರದ ಜೊತೆ ಬರುವ ಪುಸ್ತಕವನ್ನು ಅವರು ಬಳಸುತ್ತಿದ್ದದ್ದು ಅಲ್ಲಾಡುವ ಯಂತ್ರದ ಕಾಲಿನ ಕೆಳಗೆ ಇಡುವುದಕ್ಕೆ. ‘ಬಿಚ್ಚಿ ನೋಡು’ ಎನ್ನುವುದು ಅವರ ಮಂತ್ರ. ರಿಪೇರಿ ಮಾಡಿ ಮಾಡಿ ಒಂದು ದಿನ ತಾವೇ ಲಾಂಡ್ರಿ ಇಟ್ಟರು, ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆದುಕೊಡುವ ದೊಡ್ಡ ಲಾಂಡ್ರಿ. ಲೆಕ್ಕ ಜಾಸ್ತಿಯಾದಾಗ ಕಂಪ್ಯೂಟರ್ ತಂದರು, ಅದಕ್ಕೆ ಬೇಕಾದ ಪ್ರೋಗ್ರಾಂ ಅನ್ನೂ ತಾವೇ ಬರೆದರು. ಯಾರ ಹತ್ತಿರವೂ ಪಾಠ ಹೇಳಿಸಿಕೊಳ್ಳಲಿಲ್ಲ. ಅಲ್ಲೊಂದು ಸಾಲು ಇಲ್ಲೊಂದು ಸಾಲು ಎತ್ತಿ ತಂದು, ಕೆಟ್ಟರೆ ತೇಪೆ ಹಾಕಿ, ತೇಪೆ ಕಿತ್ತರೆ ಅದರ ಮೇಲೆ ಇನ್ನೊಂದು ತೇಪೆ ಹಾಕಿ, ಅಂತೂ ಓಡಿಸಿದರು. ಅದು ಓಡುತ್ತಲೂ ಇತ್ತು.

ಮಾವ ಅಳಿಯ ಒಂದೇ ಮೇಜಿಗೆ ಊಟಕ್ಕೆ ಕೂತರೆ ಮುಗಿಯಿತು.

“ಮಾವ, ಮಗು ನಡಿಯೋಕೆ ಮುಂಚೆ ಮೂಳೆಶಾಸ್ತ್ರ ಓದುತ್ತಾ?” ಎಂದು ಭಾವ ಶುರು ಮಾಡುವರು. “ಬೀಳುತ್ತೆ, ಏಳುತ್ತೆ, ಕಲಿಯುತ್ತೆ. ಪ್ರೋಗ್ರಾಂ ಅನ್ನೋದೂ ಅಷ್ಟೇ. ಬರೀ ಓದಿದ್ದು ಪುಸ್ತಕದ ಬದನೆಕಾಯಿ.”

“ಅಳಿಯಂದ್ರೇ, ಬಿದ್ದು ಮೂಳೆ ಮುರೀತು ಅಂತಿಟ್ಕೊಳ್ಳಿ” ಎಂದು ಅಪ್ಪ ಚಮಚ ಕೆಳಗಿಡುವರು. “ಆಗ ಚೆನ್ನಾಗಿ ನಡಿಯೋನ ಹತ್ರ ಹೋಗ್ತೀರೋ, ಮೂಳೆಶಾಸ್ತ್ರ ಓದಿದೋನ ಹತ್ರ ಹೋಗ್ತೀರೋ?”

“ಓದಿದೋನ ಹತ್ರಾನೇ ಹೋಗ್ತೀನಿ. ಆದ್ರೆ ಅವನು ಮೊದಲ್ನೇ ಸಲ ಕೈ ಇಡ್ತಿರೋದು ನನ್ನ ಕಾಲ ಮೇಲೆ ಅಂದ್ರೆ ಆ ಕಾಲಲ್ಲೇ ಓಡಿಬರ್ತೀನಿ!”

“ಇಬ್ರೂ ತಿನ್ರಪ್ಪ ಮೊದಲು” ಎಂದು ಅಕ್ಕ ಗದರುವಳು. “ಓದಿ ಮಾಡಿದ ಅಡುಗೆನೂ ಆರುತ್ತೆ, ಓದದೆ ಮಾಡಿದ್ದೂ ಆರುತ್ತೆ.”

ಇಬ್ಬರೂ ನಗುತ್ತಲೇ ಜಗಳವಾಡುತ್ತಿದ್ದರು, ನಗುತ್ತಲೇ ಅವಳ ಕಡೆ ತಿರುಗುತ್ತಿದ್ದರು. “ನೀನೇ ಹೇಳಮ್ಮ” ಎಂದು ಅಪ್ಪ. “ಹೇಳಿ ಪ್ರೊಫೆಸರಮ್ಮ” ಎಂದು ಭಾವ. ಅವಳು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಒಂದು ‘ಹ್ಞೂಂ’ ಎಂದು ತಟ್ಟೆ ನೋಡುತ್ತಿದ್ದಳು. ಆ ‘ಹ್ಞೂಂ’ ತಮಗೇ ಸೇರಿದ್ದು ಎಂದು ಇಬ್ಬರೂ ತಿಳಿದರು. ಅಪ್ಪ ಅವಳಿಗಾಗಿ ಇನ್ನೊಂದು ದಪ್ಪ ಪುಸ್ತಕ ತಂದರು. ಭಾವ ಅವಳನ್ನು ಲಾಂಡ್ರಿಗೆ ಕರೆದುಕೊಂಡು ಹೋಗಿ ಕಂಪ್ಯೂಟರಿನ ಮುಂದೆ ಕೂರಿಸಿದರು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಮಾವ ಅಳಿಯಂದಿರ ಜಗಳದಲ್ಲಿಯೂ ಅದೇ ಆಗುತ್ತದೆ, ಕೂಸಿಗೆ ಪದವಿ ಬಂದಿದ್ದರೂ.

ಲಾಂಡ್ರಿಯ ಮುಂದಿನ ಕೋಣೆಯಲ್ಲಿ ಅವಳ ಮೇಜು. ಹಿಂದಿನ ಗೋಡೆಗೆ ಒಂದು ಕಿಂಡಿ. ಕಿಂಡಿಯ ಆಚೆ ದೊಡ್ಡ ಹಜಾರ: ಒಂದು ತುದಿಯಲ್ಲಿ ಕೊಳೆ ಬಟ್ಟೆಯ ಚೀಲಗಳನ್ನು ತೂಗುವ ತಕ್ಕಡಿ, ನಡುವೆ ಗುಡುಗುಡು ಎನ್ನುವ ಯಂತ್ರಗಳು, ಇನ್ನೊಂದು ತುದಿಯಲ್ಲಿ ಉರುಳೆಯ ಇಸ್ತ್ರಿ ಮತ್ತು ಮಡಿಸುವ ಹೆಂಗಸರು. ಬಿಸಿ ಹಬೆ, ಬ್ಲೀಚಿನ ವಾಸನೆ. ಬಟ್ಟೆಯ ನಯವಾದ ಜುಂಗು ಗಾಳಿಯಲ್ಲಿ ತೇಲಿ ಬಂದು ಕೀಬೋರ್ಡಿನ ಸಂದಿಗಳಲ್ಲಿ ಕೂರುತ್ತಿತ್ತು. ಅವಳು ಬೇರೇನೂ ಮಾಡದಿದ್ದರೂ ದಿನಾ ಅದನ್ನು ಒರೆಸುತ್ತಿದ್ದಳು. ಅಷ್ಟು ಚೊಕ್ಕವಾದ ಕೀಬೋರ್ಡ್ ಆ ಬೀದಿಯಲ್ಲೇ ಇರಲಿಲ್ಲ.

ಆ ಲಾಂಡ್ರಿಯಲ್ಲಿ ಒಂದು ಪದ್ಧತಿ. ಕೊಳೆಯನ್ನು ತೂಗಬೇಕು, ಮಡಿಯನ್ನು ಎಣಿಸಬೇಕು. ಆಸ್ಪತ್ರೆಯ ಕೊಳೆ ಚೀಲಕ್ಕೆ ಕೈ ಹಾಕಿ ಎಣಿಸಲು ಯಾರಿಗೂ ಮನಸ್ಸಿಲ್ಲ, ಎಣಿಸಲೂ ಬಾರದು. ಚೀಲ ತೂಗಿದರೆ ಸಾಕು, ಹಾಸಿಗೆಗೆ ಹೊದಿಸುವ ಒಂದು ಹಾಸು ಇಷ್ಟು ತೂಕ ಎಂದು ಭಾಗಿಸಿ, ಈ ಚೀಲದಲ್ಲಿ ಇಷ್ಟು ಹಾಸು ಇರಬೇಕು ಎಂದು ಪ್ರೋಗ್ರಾಂ ಹೇಳುತ್ತಿತ್ತು. ಒಗೆದು ಮಡಿಸಿದ ಮೇಲೆ ಎಣಿಕೆ. ಕಟ್ಟು ಕಟ್ಟಾಗಿ ಚೀಟಿ ಹೊರಬರುತ್ತಿತ್ತು: ಇದು ಹೆರಿಗೆ ಆಸ್ಪತ್ರೆಗೆ, ಇದು ಕಣ್ಣಾಸ್ಪತ್ರೆಗೆ, ಇದು ದೊಡ್ಡಾಸ್ಪತ್ರೆಗೆ. ಎಲ್ಲರ ಹಾಸೂ ಬಿಳಿ, ಎಲ್ಲದರ ಅಳತೆಯೂ ಒಂದೇ. ಯಾರದು ಯಾರಿಗೆ ಹೋದರೂ ಎಣಿಕೆ ಸರಿಯಿದ್ದರೆ ಸೈ.

ಹೀಗಿರುವಾಗ ಮಕ್ಕಳ ಆಸ್ಪತ್ರೆಯೊಂದು ಹೊಸದಾಗಿ ಬಂತು. ಅದಕ್ಕೆ ತಕ್ಕ ಹಾಗೆ ಪ್ರೋಗ್ರಾಂ ಬದಲಿಸಬೇಕಿತ್ತು. “ಇದು ನಿಂದು” ಎಂದರು ಭಾವ ಖುಷಿಯಾಗಿ. “ನನ್ನ ಹಳೇ ಜೋಪಡಿಗೆ ತೇಪೆ ಹಾಕೋದು ಬೇಡ. ನೀನು ಓದಿದವಳು, ಹೊಸದಾಗೇ ಕಟ್ಟು. ಶನಿವಾರ ಅವರದು ಪರೀಕ್ಷೆಗೆ ಒಂದು ಗಾಡಿ ಬರುತ್ತೆ, ಸೋಮವಾರದಿಂದ ಪೂರ್ತಿ.”

ಅವಳು ತಲೆಯಾಡಿಸಿದಳು. ಎರಡು ದಿನ ಬಿಟ್ಟು ಭಾವ ಕೇಳಿದರು: “ಎಲ್ಲಿಗೆ ಬಂತು?” ಅವಳು ಹೇಳಿದಳು: “ಆಗ್ತಿದೆ.” ಮರುದಿನ ಮತ್ತೆ ಕೇಳಿದರು. “ಆಗ್ತಿದೆ.” ಮನೆಯಲ್ಲಿ ಅಪ್ಪ ಕೇಳಿದರೂ ಅದೇ. ಎಷ್ಟು ಸುಲಭದ ಮಾತು! ನಾಲಿಗೆಗೆ ಶ್ರಮವೇ ಇಲ್ಲ. ಆದರೆ ಒಂದೊಂದು ಸಲ ಹೇಳಿದಾಗಲೂ ಅದು ಅವಳ ಹೆಗಲ ಮೇಲೆ ಒದ್ದೆ ಹಾಸಿನಂತೆ ಕೂರುತ್ತಿತ್ತು. ನೆನೆದ ಬಟ್ಟೆಗೆ ಎಷ್ಟು ಭಾರವಿರುತ್ತದೆ ಎಂಬುದು ಲಾಂಡ್ರಿಯವರಿಗೇ ಗೊತ್ತು. ಪರದೆ ತೆರೆಯುವಳು. ಬಿಳಿ. ಮೂಲೆಯಲ್ಲಿ ಸಣ್ಣ ಗೆರೆ ಮಿಣಮಿಣ ಎನ್ನುತ್ತ ಅವಳಿಗೋಸ್ಕರ ಕಾಯುವುದು. ಮೊದಲ ಸಾಲೇ ತಪ್ಪಾದರೆ? ಅದರ ಮೇಲೆ ಕಟ್ಟಿದ್ದೆಲ್ಲ ತಪ್ಪಾದರೆ? ಇನ್ನೊಂದು ಅಧ್ಯಾಯ ಓದಿಕೊಂಡು ಶುರು ಮಾಡೋಣ ಎಂದು ಅಪ್ಪ ಕೊಟ್ಟ ಪುಸ್ತಕ ತೆಗೆಯುವಳು. ಅಧ್ಯಾಯ ಮುಗಿಯುವ ಹೊತ್ತಿಗೆ ಸಂಜೆ.

ಒಮ್ಮೆ ಮಾತ್ರ ಧೈರ್ಯ ಮಾಡಿದ್ದಳು. ಭಾವ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಿದ್ದರು. “ಹೆದರಬೇಡ, ಮಾಡು, ಮಾಡಿದ್ರೆ ಬರುತ್ತೆ. ಕೈ ಕೆಸರಾದ್ರೆ ಬಾಯಿ ಮೊಸರು.” ಅವಳು ಒಂದು ಪದ ಒತ್ತಿದಳು, ಅಳಿಸಿದಳು, ಮತ್ತೆ ಒತ್ತಿದಳು. ಭಾವನ ಮೊಣಕಾಲು ಮೇಜಿನ ಕೆಳಗೆ ಕುಣಿಯತೊಡಗಿತು. “ಅಲ್ಲ, ಆ ಕಡೆ... ಅಲ್ಲಲ್ಲ... ಸರಿ ಸರಿ, ಇಲ್ಲಿ ಕೊಡು.” ಕೀಬೋರ್ಡ್ ಅವರ ಮುಂದಕ್ಕೆ ಜರುಗಿತು. ಟಪಟಪ ಎಂದು ಏನೋ ಕುಟ್ಟಿದರು. “ನೋಡು, ಇಷ್ಟೇ! ಮಾಡ್ತಾ ಮಾಡ್ತಾ ಬರುತ್ತೆ.” ಮಾಡಿದ್ದು ಅವರು. ಬಂದದ್ದೂ ಅವರಿಗೇ.

ಅವಳು ಕೈಕಟ್ಟಿ ಕೂತಿರಲಿಲ್ಲ ಎಂಬುದನ್ನೂ ಹೇಳಬೇಕು. ಬರೆಯಲಾಗದವಳು ಓದಿದಳು. ಭಾವನ ಹಳೆಯ ಪ್ರೋಗ್ರಾಂ ಅನ್ನು ತಲೆಯಿಂದ ಬಾಲದವರೆಗೆ ಓದಿದಳು. ಅದೊಂದು ದೊಡ್ಡ ಸಂಸಾರದ ಅಟ್ಟವಿದ್ದ ಹಾಗಿತ್ತು. ನಡುನಡುವೆ ಭಾವ ತಮಗೆ ತಾವೇ ಬರೆದುಕೊಂಡ ಮಾತುಗಳು: ‘ಇದನ್ನು ಮುಟ್ಟಬೇಡ.’ ‘ಯಾಕೆ ಅಂತ ಗೊತ್ತಿಲ್ಲ, ತೆಗೆದರೆ ಎಲ್ಲ ನಿಲ್ಲುತ್ತೆ.’ ‘ಸದ್ಯಕ್ಕೆ.’ ಆ ‘ಸದ್ಯಕ್ಕೆ’ ಎಷ್ಟೋ ವರ್ಷದ್ದು. ಅವಳಿಗೆ ಒಬ್ಬಳೇ ಕೂತು ನಗು ಬಂದಿತ್ತು. ಓದುತ್ತ ಓದುತ್ತ, ನಗು ನಿಲ್ಲಿಸುವಂಥ ಜಾಗವೊಂದು ಸಿಕ್ಕಿತು. ಒಂದು ಹಾಸಿನ ತೂಕ ಎಂದು ಒಂದೇ ಒಂದು ಸಂಖ್ಯೆ, ಎಲ್ಲ ಆಸ್ಪತ್ರೆಗೂ ಅದೇ. ಅದರ ಕೆಳಗೆ ಇನ್ನೊಂದು ಸಾಲು: ಎಣಿಕೆಯಲ್ಲಿ ಏನಾದರೂ ಹೆಚ್ಚಾದರೆ ಅದೆಲ್ಲ ದೊಡ್ಡಾಸ್ಪತ್ರೆಗೆ. ಯಾವುದೋ ಕಾಲದಲ್ಲಿ ದೊಡ್ಡಾಸ್ಪತ್ರೆಯ ಚೀಲಗಳಲ್ಲೇ ಯಾವಾಗಲೂ ಹೆಚ್ಚು ಬಟ್ಟೆ ಬರುತ್ತಿದ್ದಿರಬೇಕು. ಭಾವ ಅವಸರದಲ್ಲಿ ಹಾಗೆ ಬರೆದು ಮರೆತಿದ್ದರು.

ಮಕ್ಕಳ ಹಾಸು ಚಿಕ್ಕದು. ದೊಡ್ಡದರ ಅರ್ಧದಷ್ಟೇ ತೂಕ. ಚೀಲ ತೂಗಿದರೆ ಪ್ರೋಗ್ರಾಂ ಇರುವುದರಲ್ಲಿ ಅರ್ಧವನ್ನಷ್ಟೇ ಲೆಕ್ಕ ಹಿಡಿಯುತ್ತದೆ. ಆ ಅರ್ಧಕ್ಕೆ ಮಕ್ಕಳ ಆಸ್ಪತ್ರೆಯ ಚೀಟಿ. ಉಳಿದದ್ದೆಲ್ಲ ಹೆಚ್ಚು. ಹೆಚ್ಚಾದದ್ದು ದೊಡ್ಡಾಸ್ಪತ್ರೆಗೆ.

ಇದು ಅವಳಿಗೆ ಶನಿವಾರಕ್ಕೆ ಮುಂಚೆಯೇ ಗೊತ್ತಿತ್ತು.

ಶನಿವಾರ ಅವಳು ಲಾಂಡ್ರಿ ಮುಟ್ಟಿದಾಗ ಮಕ್ಕಳ ಆಸ್ಪತ್ರೆಯ ಗಾಡಿ ಆಗಲೇ ಬಂದು ನಿಂತಿತ್ತು. ಚೀಲಗಳು ತಕ್ಕಡಿ ಏರುತ್ತಿದ್ದವು. ಭಾವ ಕೋಣೆಗೆ ಬಂದರು. ಕಣ್ಣ ಕೆಳಗೆ ಕಪ್ಪು. ಹೊಸ ಕೆಲಸ ಹಿಡಿದಾಗಿನಿಂದ ಸರಿಯಾಗಿ ನಿದ್ದೆಯಿಲ್ಲದ ಮುಖ.

“ನಿಂದು ರೆಡಿನಾ?”

“ಆಗ್ತಿದೆ” ಎಂದಳು ಅವಳು. ಬಾಯಿಯೇ ತಾನಾಗಿ ಹೇಳಿತು.

“ಪರವಾಗಿಲ್ಲ ಬಿಡು, ಸೋಮವಾರಕ್ಕೆ ಹಾಕೋಣ. ಇವತ್ತಿಗೆ ನನ್ನ ಜೋಪಡಿನೇ ಸಾಕು.” ನಿಂತಲ್ಲಿಂದಲೇ ಬಗ್ಗಿ, ಆಸ್ಪತ್ರೆಗಳ ಹೆಸರುಗಳ ಕೊನೆಗೆ ಇನ್ನೊಂದು ಹೆಸರು ಸೇರಿಸಿದರು. “ಆಯ್ತು! ನೋಡು, ಒಂದೇ ಸಾಲು.”

ಅವಳು ಪರದೆಯ ಕಡೆ ನೋಡಿದಳು. ಈಗ ಹೇಳಬೇಕು. ‘ಭಾವ, ತೂಕ ಬದಲಿಸದಿದ್ರೆ ಅರ್ಧ ಹಾಸು ದೊಡ್ಡಾಸ್ಪತ್ರೆಗೆ ಹೋಗುತ್ತೆ.’ ಅಷ್ಟೇ ಮಾತು. ಆದರೆ ಹೇಳಿದ ಕೂಡಲೇ ಅವರು ಕೇಳುತ್ತಾರೆ: ಹೌದಾ? ಹಾಗಾದ್ರೆ ನೀನು ಅದನ್ನ ಹೇಗೆ ಬರೆದಿದ್ದೀಯ, ತೋರಿಸು. ತೋರಿಸಲು ಏನಿದೆ? ಬಿಳಿ ಪರದೆ. ಒಂದು ಸುಳ್ಳನ್ನು ಕಾಯುವುದಕ್ಕೆ ಒಂದು ನಿಜವನ್ನು ನುಂಗಬೇಕಾಗಿ ಬಂತು. ನುಂಗಿದಳು. ಗಂಟಲಲ್ಲಿ ಜುಂಗು ಸಿಕ್ಕಿಕೊಂಡ ಹಾಗೆ ಕೆಮ್ಮಿದಳು.

“ನೀರು ಕುಡಿ” ಎಂದು ಭಾವ ಹೊರಟುಹೋದರು.

ಮುಂದೆ ಆದದ್ದೆಲ್ಲ ಅವಳು ಓದಿದ ಹಾಗೆಯೇ ಆಯಿತು. ಅದೇ ದೊಡ್ಡ ಹಿಂಸೆ. ಚಿಕ್ಕ ಚಿಕ್ಕ ಹಾಸುಗಳು ಉರುಳೆಯಿಂದ ಹೊರಬಂದವು, ಅವುಗಳ ಮೈತುಂಬ ಹಳದಿ ಬಾತುಕೋಳಿಗಳು. ಮಡಿಸುವ ಹೆಂಗಸರಿಗೆಲ್ಲ ಹಿರಿಯಳಾದವಳನ್ನು ಅಲ್ಲಿ ಹಿರಿಯಕ್ಕ ಎನ್ನುತ್ತಿದ್ದರು. ಆಕೆ ಕಿಂಡಿಯಲ್ಲಿ ಮುಖ ಇಟ್ಟಳು.

“ಏನ್ ಕಂಪ್ಯೂಟರಮ್ಮ, ಈ ಬಾತುಕೋಳಿಗೂ ದೊಡ್ಡಾಸ್ಪತ್ರೆ ಚೀಟಿ ಬರ್ತಿದೆಯಲ್ಲ? ಅಲ್ಲಿ ಏನು ಕೆರೆ ಕಟ್ಟಿಸಿದ್ದಾರಾ?”

ಆಚೆ ಹೆಂಗಸರೆಲ್ಲ ಗೊಳ್ಳೆಂದರು. ಅವಳಿಗೂ ಒಂದು ಬಾಗಿಲು ತೆರೆದ ಹಾಗಾಯಿತು. ಹೌದು ಹಿರಿಯಕ್ಕ, ಚೀಟಿ ತಪ್ಪು, ನಿಲ್ಲಿಸಿ ಎನ್ನಬಹುದಿತ್ತು. “ನೋಡ್ತೀನಿ” ಎಂದಳು. ನೋಡುವುದಕ್ಕೇನಿತ್ತು? ನೋಡಿ ಆಗಿತ್ತು. ಹಿರಿಯಕ್ಕ ಕಿಂಡಿಯಿಂದ ಮುಖ ತೆಗೆದಳು. “ನಮಗ್ಯಾಕಪ್ಪ” ಎನ್ನುತ್ತ ಚೀಟಿ ಅಂಟಿಸಿದಳು. ಗಾಡಿಗಳು ಹೊರಟವು.

ಮಧ್ಯಾಹ್ನ ಮೊದಲ ಫೋನು ಬಂದದ್ದು ದೊಡ್ಡಾಸ್ಪತ್ರೆಯಿಂದ. ಬಟ್ಟೆಬರೆ ನೋಡಿಕೊಳ್ಳುವ ದಾದಿಯ ಗಂಟಲು ಎಷ್ಟು ದೊಡ್ಡದೆಂದರೆ, ಭಾವ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದಿದ್ದರೂ ಅವಳಿಗೆ ಪ್ರತಿ ಅಕ್ಷರವೂ ಕೇಳಿಸಿತು.

“ಏನ್ರೀ ಇದು, ಆರಡಿ ಆಳಿಗೆ ಹಾಸಿದ್ರೆ ಸೊಂಟದಿಂದ ಮಂಡಿಗೆ ಬರುತ್ತೆ! ಒಬ್ಬ ಅಜ್ಜ ಬಾತುಕೋಳಿ ಎಣಿಸ್ತಾ ಕೂತಿದ್ದಾರೆ, ಎದ್ದೇಳಿ ಅಂದ್ರೆ ಇನ್ನೊಂದು ಸಾಲಿದೆ ಅಂತಾರೆ!”

ಭಾವ ನಗುವುದೋ ಅಳುವುದೋ ತಿಳಿಯದೆ ಕ್ಷಮೆ ಕೇಳಿದರು. ಎರಡನೆಯ ಫೋನಿನಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಮಕ್ಕಳ ಆಸ್ಪತ್ರೆಯವರು ಮೆಲ್ಲನೆಯ ದನಿಯಲ್ಲಿ, ಕಳಿಸಿದ್ದರಲ್ಲಿ ಅರ್ಧವಷ್ಟೇ ಬಂದಿದೆ, ಜ್ವರದ ಮಕ್ಕಳನ್ನು ಬರಿಯ ರೆಕ್ಸಿನ್ ಹಾಸಿಗೆಯ ಮೇಲೆ ಮಲಗಿಸಿದ್ದೇವೆ, ಸೋಮವಾರದ ಮಾತು ಮತ್ತೆ ಯೋಚಿಸಬೇಕಾಗುತ್ತದೆ ಎಂದರು. ಭಾವ “ಗಾಡಿ ಈಗಲೇ ತಿರುಗಿಸ್ತೀನಿ, ಇನ್ನೊಂದು ತಾಸಲ್ಲಿ ನಿಮ್ಮ ಬಾಗಿಲಲ್ಲಿರುತ್ತೆ” ಎಂದು ಬೇಡಿಕೊಂಡು ಫೋನಿಟ್ಟರು. ಆಮೇಲೆ ಕಿಂಡಿಯ ಕಡೆ ಸಿಡಿದರು.

“ಹಿರಿಯಕ್ಕಾ! ಕಣ್ಣಿರಲಿಲ್ವಾ ನಿಮಗೆ? ಬಾತುಕೋಳಿ ಇರೋದು ಮಕ್ಕಳದ್ದು ಅಂತ ಕೂಸಿಗೂ ಗೊತ್ತಾಗುತ್ತೆ!”

“ಕಣ್ಣಿತ್ತು. ಬಳಸಬೇಡಿ ಅಂದಿದ್ದು ನೀವೇ” ಎಂದಳು ಹಿರಿಯಕ್ಕ, ಮಡಿಸುವ ಕೈ ನಿಲ್ಲಿಸದೆ. “ಚೀಟಿ ಏನು ಹೇಳುತ್ತೋ ಅದನ್ನ ಮಾಡಿ, ನಿಮ್ಮ ತಲೆ ಓಡಿಸಬೇಡಿ ಅಂತ ಗೋಡೆ ಮೇಲೆ ಬರೆಸಿ ಹಾಕಿದ್ದೀರಲ್ಲ. ಆದ್ರೂ ಕೇಳಿದೆ. ನೋಡ್ತೀನಿ ಅಂದ್ರು ನಿಮ್ಮ ನಾದಿನಿ.”

ಭಾವ ಅವಳ ಕಡೆ ತಿರುಗಿದರು. ಕೋಪದಿಂದಲ್ಲ, ಸುಸ್ತಿನಿಂದ. ಅದು ಕೋಪಕ್ಕಿಂತ ಕಷ್ಟದ್ದು. ಅಷ್ಟರಲ್ಲಿ ಬಾಗಿಲಲ್ಲಿ ಅಪ್ಪ ನಿಂತಿದ್ದರು, ಕಂಕುಳಲ್ಲಿ ನಕ್ಷೆಯ ಸುರುಳಿ, ಕೈಯಲ್ಲಿ ಮಡಿಸಿದ ಕೊಡೆ. ಈ ಬೀದಿಯಲ್ಲೇ ಕೆಲಸವಿತ್ತಂತೆ, ಮಗಳ ಹೊಸ ಪ್ರೋಗ್ರಾಂ ಓಡುವುದನ್ನು ನೋಡಿಕೊಂಡು ಹೋಗೋಣ ಎಂದು ಬಂದರಂತೆ. ಬಂದವರಿಗೆ ಸಿಕ್ಕಿದ್ದು ಬಾತುಕೋಳಿಯ ಕಥೆ.

“ಅದಕ್ಕೇ ನಾನು ಬಡ್ಕೊಂಡಿದ್ದು ಅಳಿಯಂದ್ರೇ” ಎಂದರು ಅಪ್ಪ, ಕೊಡೆಯನ್ನು ಮೂಲೆಗೆ ಒರಗಿಸಿ. “ಬುನಾದಿ ಇಲ್ಲದೆ ಕಟ್ಟಿದ್ದು. ಅಲ್ಲೊಂದು ಕಿಟಕಿ ಇಲ್ಲೊಂದು ಬಾಗಿಲು. ಒಂದು ವರ್ಷ ಕೂತು ಓದಿದ್ದಿದ್ರೆ ಹೀಗಾಗ್ತಿತ್ತಾ?”

“ಒಂದು ವರ್ಷ ಕೂತು ಓದಿದ್ದಿದ್ರೆ ಈ ಲಾಂಡ್ರಿನೇ ಇರ್ತಿರಲಿಲ್ಲ ಮಾವ” ಎನ್ನುತ್ತ ಭಾವ ಕಂಪ್ಯೂಟರಿನ ಮುಂದೆ ಕುಕ್ಕರಿಸಿದರು. “ಓದು ಓದು ಅಂತ ನೀವು ಹುಡುಗೀನ ಕಟ್ಟಿಹಾಕದೆ ಇದ್ದಿದ್ರೆ ಇವಳದು ಎಂದೋ ಮುಗೀತಿತ್ತು.”

“ನೀವು ಅವಸರ ಮಾಡದೆ ಇದ್ದಿದ್ರೆ ಸರಿಯಾಗಿ ಕಲ್ತು ಮುಗಿಸ್ತಿದ್ಲು!”

ಇವತ್ತು ಇಬ್ಬರ ಮುಖದಲ್ಲೂ ನಗುವಿರಲಿಲ್ಲ. ಭಾವ ಪ್ರೋಗ್ರಾಂ ತೆರೆದು ಅದನ್ನು ಮುಟ್ಟಿದರು, ಇದನ್ನು ಮುಟ್ಟಿದರು. ಓಡಿಸಿದರು. ಕೆಂಪು ಅಕ್ಷರ. ಬೈದರು, ಇನ್ನೊಂದು ಕಡೆ ಮುಟ್ಟಿದರು. ಹೆರಿಗೆ ಆಸ್ಪತ್ರೆಯ ಚೀಟಿಗಳು ಒಂದರ ಹಿಂದೊಂದು ಬರತೊಡಗಿದವು. ನಿಲ್ಲಿಸುವುದಕ್ಕೆ ಚೀಟಿ ಮುದ್ರಿಸುವ ಯಂತ್ರದ ತಂತಿಯನ್ನೇ ಕಿತ್ತರು. ಅಪ್ಪ ಹಿಂದೆ ನಿಂತು, “ಮೊದಲು ಒಂದು ಕಾಗದ ತಗೊಂಡು ಪೂರ್ತಿ ಬರೆದ್ಕೊಳ್ಳಿ” ಎನ್ನುತ್ತಿದ್ದರು. ಭಾವ ಹುಡುಕುತ್ತಿದ್ದ ಜಾಗ ಇನ್ನೂ ಎಷ್ಟೋ ಕೆಳಗಿತ್ತು. ಅವಳಿಗೆ ಅದು ಕಣ್ಣಿಗೆ ಕಟ್ಟಿದ ಹಾಗಿತ್ತು: ಆ ಸಂಖ್ಯೆ, ಅದರ ಕೆಳಗಿನ ಸಾಲು. ಅದನ್ನು ಹೇಗೆ ತಿದ್ದಬೇಕು ಎಂಬುದು ಮಾತ್ರ ಗೊತ್ತಿರಲಿಲ್ಲ. ಪುಸ್ತಕದ ಪ್ರಕಾರ ಗೊತ್ತಿತ್ತು; ಕೈಗೆ ಗೊತ್ತಿರಲಿಲ್ಲ. ಬಹುಶಃ ಮೊದಲ ಸಲ ತಪ್ಪಾಗುತ್ತದೆ. ಎರಡನೆಯ ಸಲವೂ.

ಭಾವ ಕುರ್ಚಿಗೆ ಒರಗಿ ಎರಡೂ ಕಣ್ಣು ಉಜ್ಜಿಕೊಂಡರು.

“ಸಾಕು. ಇದು ಸತ್ತ ಕುದುರೆ. ನಿಂದು ಎಲ್ಲಿಗೆ ಬಂತು ಹೇಳು. ಅರ್ಧ ಆಗಿದ್ರೂ ಪರವಾಗಿಲ್ಲ, ಅದನ್ನೇ ಹಾಕೋಣ. ಸೋಮವಾರ ಇಲ್ಲ ಅಂದ್ರೆ ಆ ಆಸ್ಪತ್ರೆ ಕೈಬಿಟ್ಟು ಹೋದ ಹಾಗೇ.”

“ಹಾಕಿ ಹಾಕಿ” ಎಂದರು ಅಪ್ಪ, ಹೆಮ್ಮೆಯಿಂದ. “ಓದಿದವಳು ಬರೆದಿದ್ದು ಹೇಗಿರುತ್ತೆ, ಎಲ್ಲರೂ ನೋಡ್ಲಿ.”

ಇಬ್ಬರೂ ಅವಳನ್ನು ನೋಡಿದರು. ಕಿಂಡಿಯಲ್ಲಿ ಹಿರಿಯಕ್ಕನ ಮುಖವೂ ಇತ್ತು. ಉರುಳೆಯ ಇಸ್ತ್ರಿ ಖಾಲಿ ತಿರುಗುತ್ತ ಕೀರಲು ದನಿ ಮಾಡುತ್ತಿತ್ತು. ‘ಆಗ್ತಿದೆ’ ನಾಲಿಗೆಯ ತುದಿಗೆ ಬಂದು ಕೂತಿತ್ತು, ರೂಢಿಯಾದ ಮಾತು. ಅವಳಿಗೆ ಇದ್ದಕ್ಕಿದ್ದಂತೆ ವಿಪರೀತ ಆಯಾಸವಾಯಿತು. ಕೆಲಸ ಮಾಡಿದ ಆಯಾಸವಲ್ಲ; ಮಾಡುತ್ತಿದ್ದೇನೆಂದು ಇಷ್ಟು ದಿನ ತೋರಿಸಿಕೊಂಡ ಆಯಾಸ. ಆ ಮಾತನ್ನು ಇನ್ನೊಂದು ಸಲ ಎತ್ತುವಷ್ಟು ತ್ರಾಣ ಉಳಿದಿರಲಿಲ್ಲ.

“ಏನೂ ಬರೆದಿಲ್ಲ ಭಾವ.”

“ಹಾಂ?”

“ಒಂದು ಸಾಲೂ ಬರೆದಿಲ್ಲ. ನಿಮ್ಮದನ್ನ ಓದಿದೆ ಅಷ್ಟೇ. ಎಲ್ಲಿ ತಪ್ಪಾಗುತ್ತೆ ಅಂತ ಮುಂಚೇನೇ ಗೊತ್ತಿತ್ತು. ಹೇಳಲಿಲ್ಲ.”

ಭಾವನಿಂದ ಬೈಗುಳ ಬರಬಹುದು ಎಂದು ಅವಳು ಕಾದಳು. ಬರಲಿಲ್ಲ. ಬಂದದ್ದು ಅವರ ಕೈ. ಕೀಬೋರ್ಡನ್ನು ಹತ್ತಿರ ಎಳೆದುಕೊಂಡಿತು. “ಸರಿ, ಆಗಿದ್ದು ಆಯ್ತು. ಎಲ್ಲಿದೆ ಹೇಳು. ನೀನು ಹೇಳು, ನಾನು ಕುಟ್ತೀನಿ.”

“ಬೇಡ ಅಳಿಯಂದ್ರೇ, ಅವಸರ ಬೇಡ” ಎಂದು ಅಪ್ಪ ಅವಳ ಭುಜದ ಮೇಲೆ ಕೈಯಿಟ್ಟರು. “ನನ್ನ ಮಗಳ ತಪ್ಪಲ್ಲ ಇದು, ಪೂರ್ತಿ ಓದಾಗಿಲ್ಲ ಅಷ್ಟೇ. ಸಂಜೆ ತರಗತಿ ಒಂದು ನೋಡಿದ್ದೀನಿ, ಮೊದಲಿಂದ ಶುರು ಮಾಡ್ತಾರೆ...”

ಅವಳು ಭುಜವನ್ನು ಮೆಲ್ಲಗೆ ಬಿಡಿಸಿಕೊಂಡಳು. ಮುಂದೆ ಬಂದು ಕೀಬೋರ್ಡಿನ ಅಂಚು ಹಿಡಿದಳು. ಭಾವ ಬಿಡಲಿಲ್ಲ, ಅವಳೂ ಬಿಡಲಿಲ್ಲ. ಅವಳು ಅದನ್ನು ತನ್ನ ಕಡೆಗೆ ಎಳೆದಾಗ ಅವರು ತಲೆಯೆತ್ತಿ ನೋಡಿದರು.

“ನನಗೆ ಕಲಿಸ್ಬೇಕು ಅಂತ ಇಬ್ರೂ ಇಷ್ಟು ಜಗಳ ಆಡ್ತೀರ” ಎಂದಳು. ದನಿ ಚಿಕ್ಕದೇ ಇತ್ತು, ಆದರೆ ಕಿಂಡಿಯ ಆಚೆಗೂ ಕೇಳಿಸಿತು. “ಇಲ್ಲೀವರೆಗೂ ಒಂದೇ ಒಂದು ತಪ್ಪು ಮಾಡೋಕೂ ನನ್ನ ಬಿಟ್ಟಿಲ್ಲ.”